ಸೊನ್ನೆ ಪಾಯಿಂಟ್ ನಾಲ್ಕು

ನಾಲ್ಕು ದಿನ ನಿಂತರೆ ಐದನೇ ದಿನ ಏಳುವುದಿಲ್ಲ
ಅಫ್ಸರ್ ಪಾಷರ ಹಳೇ ಎಸ್ಟೀಮು.
ಕೀ ತಿರುವಿದರೆ ಟಕ್.
ಮತ್ತೆ ತಿರುವಿದರೆ ಟಕ್ ಟಕ್ ಟಕ್,
ಮೀಟರಿನ ದೀಪಗಳು ಕಣ್ಣು ಕಿರಿದು ಮಾಡಿ
ಹೋಗಿಬಿಡುತ್ತವೆ.

"ಬ್ಯಾಟ್ರಿ ಸತ್ತೋಗೈತೆ ಅಂಜಿನಪ್ಪ" ಅಂದರು ಫೋನಿನಲ್ಲಿ.
ಎರಡು ವರ್ಷದಲ್ಲಿ ಇದು ಮೂರನೇ ಸಾವು.
ಒಂದು ಚಿಂತಾಮಣಿಯದು, ಒಂದು ವಿಜಯಪುರದ್ದು,
ಇದು ನಾನೇ ಕೊಟ್ಟದ್ದು,
ಗ್ಯಾರಂಟಿ ಕಾರ್ಡಿನಲ್ಲಿ ನನ್ನದೇ ಕೈಬರಹ.
ಅದಕ್ಕೇ ಶಿಡ್ಲಘಟ್ಟದ ಆ ಓಣಿಗೆ
ಬೆಳಗಿನ ಚಳಿಯಲ್ಲಿ ಚೀಲ ಹೊತ್ತು ನಾನೇ ಹೋದೆ.

ಬೇಯುವ ರೇಷ್ಮೆಗೂಡಿನ ವಾಸನೆ ಬೀದಿಗೆಲ್ಲ.
ಇಲ್ಲಿ ಹುಟ್ಟಿದವರಿಗೆ ಅದು ವಾಸನೆಯೇ ಅಲ್ಲ.
ಪಾಷರು ಬಾಗಿಲಲ್ಲಿ ನಿಂತು
ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು,
ಒಳಗಿನ ಹುಳ ಹೇಗಿದೆ ಅಂತ.
ನನ್ನ ಕಸುಬೂ ಅದೇ, ಅಂದುಕೊಂಡೆ, ಹೇಳಲಿಲ್ಲ.

ಟರ್ಮಿನಲ್ಲಿಗೆ ಬಿಳಿ ಬೂಷ್ಟು ಕಟ್ಟಿತ್ತು.
ಗೂಡು ಬೇಯಿಸುವ ಒಲೆಯಿಂದಲೇ
ಒಂದು ಚೊಂಬು ಬಿಸಿನೀರು ತಂದುಕೊಟ್ಟರು, ಸುರಿದು ಉಜ್ಜಿದೆ.
ವೋಲ್ಟೇಜು ಹನ್ನೊಂದೂ ಮುಕ್ಕಾಲು.
ಆರು ಮನೆಯ ಮುಚ್ಚಳ ಬಿಚ್ಚಿ
ಗಾಜಿನ ನಳಿಗೆಯಲ್ಲಿ ಆಸಿಡ್ ಹೀರಿ ನೋಡಿದೆ.
ಒಂದು ಮನೆ ಕೆಟ್ಟಿದ್ದರೆ ಒಂದರಲ್ಲೇ ತೇಲುಗುಂಡು ಮುಳುಗಬೇಕು.
ಇಲ್ಲಿ ಆರೂ ಒಂದೇ ಸಮ ಮುಳುಗಿವೆ.
ಇದು ಕಾಯಿಲೆಯಲ್ಲ,
ಮನೆಮಂದಿಯೆಲ್ಲ ಹಸಿದು ಮಲಗಿದ್ದಾರೆ.

ಪಕ್ಕದ ಟಾಟಾ ಏಸಿನಿಂದ ಕೇಬಲ್ ಎಳೆದು ಎಬ್ಬಿಸಿದರೆ
ಹದಿನಾಲ್ಕು ತೋರಿಸಿತು.
ದುಡಿಯುವವನು ದುಡಿದು ತರುತ್ತಿದ್ದಾನೆ,
ತಿನ್ನುವವರು ಯಾರೋ ಇದ್ದಾರೆ.

"ಗಾಡಿಗೂ ವಯಸ್ಸಾಯ್ತು ಬಿಡು" ಅಂದರು ಪಾಷರು.
ವಯಸ್ಸು ಕಾಯಿಲೆಯಲ್ಲ ಅನ್ನಲು ಹೋದೆ.
ಕುಕ್ಕರಗಾಲಿನಿಂದ ಏಳುವಾಗ
ನನ್ನ ಮಂಡಿ ನನಗಿಂತ ಮೊದಲು ಮಾತಾಡಿತು.

ಎಂಜಿನ್ ಆರಿಸಿ, ಬಾಗಿಲೆಲ್ಲ ಮುಚ್ಚಿ,
ಮೈನಸ್ ತಂತಿ ಕಳಚಿ ನಡುವೆ ಮೀಟರು ಸಿಗಿಸಿದೆ.
ಸೊನ್ನೆ ಪಾಯಿಂಟ್ ನಾಲ್ಕು.
ಎಲ್ಲ ಮಲಗಿರುವ ಮನೆಯಲ್ಲಿ ಯಾರೋ ಅಗಿಯುವ ಸದ್ದು.
ಹಾರ್ನಿನ ಫ್ಯೂಸು ಕಿತ್ತೆ, ವೈಪರಿನದು, ಫ್ಯಾನಿನದು,
ಮುಳ್ಳು ಕದಲಲಿಲ್ಲ.
ಐದನೆಯದು ಕಿತ್ತಾಗ ತಟ್ಟನೆ ಬಿತ್ತು.
ಆ ದಾರಿಯಲ್ಲಿ ಇರುವುದು ಗಡಿಯಾರ,
ತಲೆ ಮೇಲಿನ ದೀಪ, ಡಿಕ್ಕಿಯ ದೀಪ.

ಡಿಕ್ಕಿ ತೆಗೆದರೆ ಹತ್ತುತ್ತದೆ, ಸರಿ.
ಮುಚ್ಚಿದ ಮೇಲೆ?
ಯಾರು ಕಂಡಿದ್ದಾರೆ.

"ನಾನ್ ನೋಡ್ತೀನಿ" ಅಂದಳು ರುಮಾನ,
ಮೂರನೇ ಕ್ಲಾಸು, ಒಂದು ಜಡೆ ಹಾಕಿದೆ, ಇನ್ನೊಂದು ಇಲ್ಲ.
ಪಾಷರು ಕೀ ಮುಷ್ಟಿಯಲ್ಲಿ ಹಿಡಿದು,
ಹತ್ತು ಎಣಿಸುವಷ್ಟೇ ಅಂತ ಮೂರು ಸಲ ಹೇಳಿ,
ಮುಚ್ಚಿದರು.

ಡಬ್ಬದೊಳಗಿಂದ ಬಂದಂಥ ದನಿ:
"ಲೈಟೈತೆ ಅಬ್ಬೂ! ಎಲ್ಲಾ ಕಾಣ್ತೈತೆ!
ಜಾಕಿ ಐತೆ. ನಿಮ್ದು ಒಂದ್ ಚಪ್ಲಿ ಐತೆ.
ಗೂಡೊಂದೈತೆ,
ತೂತಾಗೈತೆ, ಚಿಟ್ಟೆ ಆಚೆ ಬಂದ್ಬುಟ್ಟೈತೆ!"

ಪಾಷರು ಎಂಟಕ್ಕೇ ಕೀ ತೂರಿಸಿದರು.
"ತಡೀರಿ, ಇನ್ನೂ ಹತ್ತು ಎಣಿಸ್ರಿ" ಅಂತು ಒಳಗಿನ ದನಿ.
ಎಣಿಸಿದೆವು, ಇಬ್ಬರೂ, ಜೋರಾಗಿ.

ಸ್ವಿಚ್ಚಿನ ನಾಲಿಗೆ ಸವೆದಿತ್ತು, ಮುಚ್ಚಳ ತಾಕುತ್ತಿರಲಿಲ್ಲ.
ಸೈಕಲ್ ಟ್ಯೂಬಿನಲ್ಲಿ ಉಗುರಷ್ಟು ಕತ್ತರಿಸಿ ಅಂಟಿಸಿದೆ.
ಮೂರು ಬ್ಯಾಟರಿಯ ಲೆಕ್ಕ ಪಾಷರ ಮುಖದಲ್ಲಿ ಓಡುತ್ತಿತ್ತು.
ಚಪ್ಪಲಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು,
ಇದರ ಜೋಡಿಯನ್ನು ಹೋದ ರಂಜಾನಿನಲ್ಲೇ ಬಿಸಾಕಿದ್ದರಂತೆ.

ಫ್ಯೂಸು ತಿರುಗಿ ಹಾಕಿ ಕೊನೆಯ ಸಲ ಮೀಟರು ನೋಡಿದೆ.
ಸೊನ್ನೆ ಪಾಯಿಂಟ್ ಸೊನ್ನೆ ಒಂದು.
"ಇದ್ಯಾರು ಇನ್ನೂ?"
"ಗಡಿಯಾರ."
"ಅದು ಟೈಮೇ ಸರಿ ತೋರ್ಸಲ್ವಲ್ಲ."
"ಗುಟುಕು ಕುಡೀತೈತೆ, ಕುಡೀಲಿ ಬಿಡಿ" ಅಂದೆ,
ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹೊತ್ತುಕೊಂಡೆ.