ಕೇಳಿರಲಿಲ್ಲ

ಶಕ್ತಿನಗರದ ಸಭೆಗೆ ಬಂದ ಮೊದಲ ವಾರವೇ
ಗೋಡೆಗೆ ಪಟ್ಟಿ ಅಂಟಿಸಿದೆ:
ಚಾಪೆ ಯೋಹಾನಪ್ಪ, ಆಸ್ಪತ್ರೆ ಭೇಟಿ ಸುಗಂಧಮ್ಮ,
ತಬಲಾ ಇಮ್ಮಾನುವೇಲ.
ಮೂರು ಭಾನುವಾರ ತಬಲಾದ ಮುಸುಕು ತೆಗೆಯಲೇ ಇಲ್ಲ.

ಕೆಂಪು ಪೆನ್ನು ಹುಡುಕುತ್ತಿದ್ದಾಗ ಸುಗಂಧಮ್ಮ:
"ಅವ ಯಾವಾಗ ಮಲಗ್ತಾನ, ಕೇಳೀರೇನ್ರಿ ಪಾಸ್ಟ್ರೇ?"

ಕೇಳಿರಲಿಲ್ಲ.
ಬರ್ತೀಯಾ, ಎಷ್ಟೊತ್ತಿಗೆ, ಯಾಕೆ ಬರಲಿಲ್ಲ —
ನನ್ನ ಪ್ರಶ್ನೆಗಳಿಗೆಲ್ಲ ಹಾಜರಿ ಪುಸ್ತಕದ ವಾಸನೆ.

ಸಂಜೆ ಅವನ ಹೊಸ್ತಿಲಲ್ಲಿ ಕೂತೆ.
ತಟ್ಟೆಯಲ್ಲಿ ಒಗ್ಗರಣಿ, ಮಿರ್ಚಿ.
ಪಾಳಿಗೆ ಹೊರಟವನ ರೆಪ್ಪೆಯಲ್ಲಿ
ನಿನ್ನೆಯ ಕಲ್ಲಿದ್ದಲ ಬೂದಿ.
ಒಂದೇ ಒಂದು ಕೇಳಿದೆ: "ತಬಲಾ ಯಾರು ಕಲಿಸಿದರು?"
ಕೇಳಿ ಸುಮ್ಮನಿದ್ದೆ. ಅದೇ ಕಷ್ಟ.
ಮಿರ್ಚಿ ಆರಿತು.
ಕೃಷ್ಣೆಯ ಕಡೆಯಿಂದ ಬಿಸಿಗಾಳಿ ಬಂತು, ಹೋಯಿತು.

"ಬಾರಿಸ್ತಿದ್ದಾಂವ ನಮ್ಮಪ್ಪರಿ. ನನಗ ಬರಂಗಿಲ್ಲ.
ಅಂವ ಮಲಗಿದ ಎಂಟು ತಿಂಗಳು
ವಾರ್ಡಿನ್ಯಾಗ ಕುಂತಿದ್ದೆ.
ಅಲ್ಲಿ ಏನು ಮಾತಾಡಬೇಕು, ಅದು ಗೊತ್ತೈತಿ."

ಈಗ ಪಾಳಿ ಮುಗಿಸಿ, ಮುಖ ತೊಳೆದು
ಸುಗಂಧಮ್ಮನ ಹಿಂದೆ ರಾಯಚೂರಿನ ಬಸ್ಸು ಹತ್ತುತ್ತಾನೆ.
ಪಟ್ಟಿ ಕಿತ್ತ ಜಾಗದಲ್ಲಿ
ಗೋಡೆಯ ಸುಣ್ಣವೂ ಸ್ವಲ್ಪ ಎದ್ದು ಬಂದಿದೆ.
ಭಾನುವಾರ ಚಪ್ಪಾಳೆಯಲ್ಲೇ ಹಾಡುತ್ತೇವೆ,
ತಾಳ ತಪ್ಪುತ್ತದೆ.

ಯೋಹಾನಪ್ಪನನ್ನು ಇನ್ನೂ ಏನೂ ಕೇಳಿಲ್ಲ ನಾನು.