ಒಂದು ನೂಲು

ಉದ್ಯಮಬಾಗದ ಮೂರನೇ ಗೇಟಿನಲ್ಲಿ
ನನ್ನ ಛೋಟಾ ಹಾಥಿಗೆ ಮಾಲು ಹೇರುತ್ತಿದ್ದಾಗ
ಕಾಳಿಂಗಪ್ಪಮಾಮ ಬಂದು ಕ್ಲೀನರ್ ಸೀಟಿನಲ್ಲಿ ಕೂತ.
ಅಂಗಿ ಜೇಬಿನಲ್ಲಿ ಎಲೆಚೀಲ, ಪೆನ್ಸಿಲ್ ಮೋಟು,
ತೊಡೆ ಮೇಲೆ ಹಿತ್ತಾಳೆ ಅಂಚಿನ ಅಡಿಪಟ್ಟಿ.
"ಎಲ್ಲಿಗೆ ಮಾಮಾ?"
"ನೀ ಎಲ್ಲಿಗೆ ಹೊಂಟಿ, ಅಲ್ಲಿಗೇ."

ಮೂವತ್ತೆಂಟು ವರ್ಷ ಫೌಂಡ್ರಿಗೆ ಪ್ಯಾಟರ್ನ್ ಕೆತ್ತಿದವನು.
ಸಾಗವಾನಿಯಲ್ಲಿ ಗಾಲಿ, ಗಾಲಿಗೆ ಹಲ್ಲು.
ಅದನ್ನು ಮರಳಿಗೆ ಒತ್ತಿ, ತಟ್ಟಿ, ಉಸಿರು ಹಿಡಿದು ಎತ್ತಿದರೆ
ಉಳಿದ ಪೊಳ್ಳಿಗೆ ಕೆಂಪಗೆ ಇಳಿಯುತ್ತಿತ್ತು ಕಬ್ಬಿಣ.
"ಕಟಗಿ ತಿರುಗಿ ಅಟ್ಟಾ ಸೇರತೈತಿ,
ಕಬ್ಬಣ ಊರೂರು ಅಡ್ಡಾಡತೈತಿ.
ನಾ ಕಟಗಿ ಕಡೆಯಾಂವ," ಎಂದು
ಗಾಜು ಇಳಿಸಿ ಹೊರಗೆ ಉಗುಳಿದ.

ಆರಿದ ಕಬ್ಬಿಣ ಕುಗ್ಗುತ್ತದಂತೆ.
ಅದಕ್ಕೇ ಅವನ ಪಟ್ಟಿಯ ಅಡಿ
ಬಜಾರದ ಅಡಿಗಿಂತ ಒಂದು ನೂಲು ಉದ್ದ.
ಮನೆಯಲ್ಲಿ ಅದರಿಂದ ಬಾಗಿಲು ಅಳೆದು
ಅತ್ತೆಯಿಂದ ಬೈಸಿಕೊಂಡಿದ್ದ ಒಮ್ಮೆ.

ಬೆಳಗಾವಿಯ ರೇಲ್ವೆ ಮೇಲ್ಸೇತುವೆ ಇಳಿಯುತ್ತಲೇ
ಶುರುವಾಯಿತು ಕಾಟ. ಗಟಾರದ ಮುಚ್ಚಳ ಕಂಡರೆ "ತಡಿ."
ಹಿಂದೆ ಬಸ್ಸಿನವನು ಹಾರ್ನು ಒತ್ತುತ್ತಲೇ ಇದ್ದ,
ಮಾಮ ರಸ್ತೆ ನಡುವೆ ಕುಕ್ಕರಗಾಲಲ್ಲಿ ಕೂತು
ಕರವಸ್ತ್ರದಿಂದ ಕಬ್ಬಿಣ ಒರೆಸುತ್ತಿದ್ದ.
ತಾನು ಕೆತ್ತಿದ್ದಕ್ಕೆಲ್ಲ, ಮಾಲೀಕನಿಗೂ ಹೇಳದೆ,
ಉಗುರಿನಷ್ಟು ಒಂದು ಅರ್ಧಚಂದ್ರ ಇಟ್ಟಿದ್ದನಂತೆ.

ಗೋಕಾಕದಲ್ಲಿ ತೂಗುಸೇತುವೆಗೆ ಅವತ್ತು ಬೀಗ.
ಮಿಲ್ಲಿನ ಭೋಂಗಾ ಕೂಗಿತು, ಚಹಾದಂಗಡಿಯವಳು
ಗಡಿಯಾರ ನೋಡದೆ ಇನ್ನೊಂದು ಸ್ಟೋವ್ ಹಚ್ಚಿದಳು.
ಘಟಪ್ರಭೆ ದಾಟಿದೆವು. ಮಹಾಲಿಂಗಪುರದ ತಿರುವಿಗೆ
ಬೆಲ್ಲದ ಹೊಗೆ ಸೀದಾ ಗಂಟಲಿಗೆ.

ಬನಹಟ್ಟಿಯ ಓಣಿಗಳು ಮಾತಾಡಗೊಡುವುದಿಲ್ಲ.
ಗೋಡೆಯಾಚೆ ಗೋಡೆ, ಖಟಖಟ, ಖಟಖಟ,
ಚರಂಡಿಯಲ್ಲಿ ಇವತ್ತು ನೀಲಿ ನೀರು.
ಮಹಾನಂದಾ ಎಂಬಾಕೆ ಮಗ್ಗ ನಿಲ್ಲಿಸಿ
"ನೋಡ್ರಿ, ಆದ್ರ ಲಗೂ ನೋಡ್ರಿ, ಕರೆಂಟು ಹೋಕ್ಕೈತಿ" ಅಂದಳು.
ಅವನು ಮಗ್ಗದ ಕಾಲೊಳಗೆ ಕೈ ತೂರಿ
ಹುಟ್ಟುಕುರುಡನಂತೆ ತಡವಿದ.
ಸಿಕ್ಕಿದ್ದು ಕೊಲ್ಹಾಪುರದ ಯಾವನದೋ ನಕ್ಷತ್ರ.
"ನನಕಿಂತ ಚೊಲೊ ಕೆಲಸ" ಎಂದು
ಅವಳು ಕೊಟ್ಟ ನೀರು ಕುಡಿದು ಎದ್ದ.
ಜಮಖಂಡಿ ಬರುವವರೆಗೆ ಬಾಯಿ ಬಿಡಲಿಲ್ಲ.

ಹೊತ್ತು ಇಳಿಯುವಾಗ ಕೊಲ್ಹಾರದ ಸೇತುವೆ.
ಎರಡೂ ಕಡೆ ಕೃಷ್ಣೆ, ಎಲ್ಲಿ ಹೊಳೆ ಎಲ್ಲಿ ಹೊಲ
ತಿಳಿಯದಷ್ಟು ಹಿನ್ನೀರು.
ನಡುವೆ ಬಂದಾಗ "ತಡಿ."
"ಇಲ್ಲಿ ನಿಲ್ಲಸಾಕ ಬರಂಗಿಲ್ಲ ಮಾಮಾ!"
ಬಾಗಿಲು ಆಗಲೇ ತೆರೆದಿತ್ತು.
ನಾನು ಕೆಂಪು ಓಢಣಿ ಬಿಚ್ಚಿ
ಕಬ್ಬಿನ ಟ್ರ್ಯಾಕ್ಟರುಗಳಿಗೆ ಬೀಸುತ್ತ ನಿಂತೆ.
ಅವನು ಕಟ್ಟೆಯಂಚಿಗೆ ಬೋರಲು ಮಲಗಿ
ಮಳೆನೀರು ಇಳಿಯುವ ಜಾಲರಿಯ ಕೆಸರು ಕೆದರುತ್ತಿದ್ದ.
ಒಂದು ಎಳೆ ಅರಳಿ ಸಸಿ ಕಿತ್ತು ಪಕ್ಕಕ್ಕಿಟ್ಟ.
ಪೆನ್ಸಿಲ್ ಮೋಟು ಕೈತಪ್ಪಿ ಹೊಳೆಗೆ ಬಿತ್ತು.

"ಚಂದ್ರ ಐತೇನು?"
"ಸವದೈತಿ. ಇಲ್ಲಾ, ಇರಲೇ ಇಲ್ಲ."
ಅಡಿಪಟ್ಟಿ ಕೇಳಿದ. ಕೊಟ್ಟೆ.
ಜಾಲರಿಯ ಈ ಕೊನೆಯಿಂದ ಆ ಕೊನೆಗೆ ಇಟ್ಟು
ಕನ್ನಡಕ ಹಣೆಗೇರಿಸಿ ನೋಡಿದ.
"ಅಡಿಗೆ ಒಂದು ನೂಲು ಕಮ್ಮಿ."
"ಅಂದ್ರ ನಿಂದಲ್ಲ?"
"ಹಂಗ ಬರಬೇಕವಾ ಅದು."

ಟ್ರಕ್ಕೊಂದು ಹೋಯಿತು. ಇಡೀ ಸೇತುವೆ
ಕಾಲಡಿ ಒಮ್ಮೆ ನಡುಗಿ ಸುಮ್ಮನಾಯಿತು.
ಅವನು ಇನ್ನೂ ಏಳಲಿಲ್ಲ, ಅಂಗೈ ಜಾಲರಿಯ ಮೇಲೆ.
ವಿಜಯಪುರದಲ್ಲಿ ಮಾಲು ಇಳಿಸುವವರು
ಏಳಕ್ಕೆ ಮನೆಗೆ ಹೋಗುತ್ತಾರೆಂದು ಹೇಳಬೇಕಿತ್ತು.
ಹೇಳಲಿಲ್ಲ. ಓಢಣಿ ಬೀಸುತ್ತಲೇ ಇದ್ದೆ.