ಒಂದೂಮುಕ್ಕಾಲು ಕಿಲೊ

ಟ್ಯಾನರಿ ರಸ್ತೆಯ ಮಹಡಿಗಳ ಮೇಲೆ
ಚಂದ್ರನನ್ನು ಕಂಡವರು ಇಬ್ಬರೋ ಮೂವರೋ,
ಉಳಿದವರಿಗೆ ಮಸೀದಿಯ ಸೈರನ್ನೇ ಸಾಕಾಯಿತು.

ನಾನಿ ಆಗಲೇ ಹಳೇ ಸೀರೆ ಹಾಸಿ
ತಲೆ ಎಣಿಸುತ್ತಿದ್ದಳು:
ತಾನು, ಮಾಮು, ಮಾಮಿ, ನಾನು,
ನಿದ್ದೆಯಲ್ಲಿ ಹಲ್ಲು ಕಡಿಯುವ ಮುದಸ್ಸಿರ್,
ಮಧ್ಯಾಹ್ನದಿಂದ ಘೋಷಾ ಆಸ್ಪತ್ರೆಯಲ್ಲಿರುವ ಅಮ್ಮಿ.
ತಲೆಗೆ ಒಂದೂಮುಕ್ಕಾಲು ಕಿಲೊ ಗೋಧಿ, ಫಿತ್ರಾ.

"ಫೋನಲ್ಲೇ ದುಡ್ಡು ಕಳಿಸಿದರಾಯಿತಲ್ಲ" ಅಂದ ಮಾಮು.
ಅವಳು ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು
ಒಂದು ಹಿಡಿ ಹೆಚ್ಚೇ ಸುರಿದಳು.
"ಕಲ್ಲು ಸವೆದಿರುತ್ತೆ. ಲೆಕ್ಕ ಸವೆಯಬಾರದು."

"ಹೊಟ್ಟೆಯಲ್ಲಿರೋದಕ್ಕೆ?"
"ಅದು ಬಂದರೆ. ಅದೂ ಫಜರ್‌ಗೆ ಮೊದಲು."

ಮೂರೂ ನಲವತ್ತಕ್ಕೆ ಫೋನು. ಹೆಣ್ಣು.
ಮಾಮಿ ಬಾಗಿಲು ತೆರೆದು ಇಡೀ ವಠಾರಕ್ಕೆ ಕೂಗಿದಳು.
ನಾನಿ ಮಾತಾಡಲಿಲ್ಲ,
ಮಡಚಿಟ್ಟ ಸೀರೆ ಮತ್ತೆ ಹಾಸಿದಳು.

ಕಣ್ಣೇ ಬಿಡದವಳು,
ಒಂದು ಗುಟುಕು ಹಾಲನ್ನೂ ಯಾರಿಂದಲೂ ಪಡೆಯದವಳು,
ಲೋಕಕ್ಕೆ ಆಗಲೇ ಕೊಡಬೇಕಿತ್ತು.

ಬೆಳಿಗ್ಗೆ ಷೀರ್ ಖುರ್ಮಾದ ಹಾಲು ಉಕ್ಕುವಾಗ,
ಹೊಸ ಟೋಪಿಗಳು ಈದ್ಗಾ ಕಡೆ ಹೊರಡುವಾಗ,
ನಾವಿಬ್ಬರೂ ಗಲ್ಲಿಯ ಕೊನೆಗೆ,
ಕೂಲಿಗೆ ಬೆಳ್ಳುಳ್ಳಿ ಸುಲಿಯುವ ಬದ್ರುನ್‌ಬೀ ಮನೆಗೆ.
ನಮಾಜಿಗೆ ಮೊದಲು ತಲುಪಬೇಕು,
ತಡವಾದರೆ ಅದು ಬರೀ ದಾನ.

"ಆರು ಅಂದಿದ್ದೆ, ಏಳು ಗಂಟಿದೆಯಲ್ಲೇ?"
"ಏಳನೆಯದು ಹೊಸಬಳದು."
"ಹೆಸರು?"
"ಇನ್ನೂ ಇಟ್ಟಿಲ್ಲ."

ಬದ್ರುನ್‌ಬೀ ಅದನ್ನೇ ಮೊದಲು ಬಿಚ್ಚಿದಳು.
ಬೆಳ್ಳುಳ್ಳಿ ವಾಸನೆಯ ಬೆರಳಲ್ಲಿ ಗೋಧಿ ಕೆದಕಿ
ಒಂದು ಸಣ್ಣ ಕಲ್ಲು ಆರಿಸಿ
ಹೊರಗೆ ಎಸೆದಳು.